ವರ್ಷಾಂತಿಕಕ್ಕೆ ಅಮ್ಮನ ನೆನಪಿನ ಪುಸ್ತಕ ಮಾಡ್ತಿದೀವಿ, ಏನು ಬರೆಯೋದು?

ಶರಾವತಿ ಹಿನ್ನೀರು

ಎಲ್ಲರಿಗೂ ನಮಸ್ಕಾರ. ಅಮ್ಮ ಹೋಗಿ ಕೆಲವು ತಿಂಗಳಾಯ್ತು. ವರ್ಷಾಂತಿಕದ ದಿನ ನೆಂಟರಿಷ್ಟರಿಗೆ ಕೊಡೋಕೆ ಸಣ್ಣದೊಂದು ನೆನಪಿನ ಪುಸ್ತಕ ಮಾಡೋಣ ಅಂತ ಅಣ್ಣ, ಅಕ್ಕ, ನಾನು ಮಾತಾಡಿಕೊಂಡಿದ್ದೀವಿ. ಹಿಂದೆ ದೊಡ್ಡಪ್ಪನದ್ದು ಹೀಗೇ ಒಂದು ಬಂದಿತ್ತು. ಅವರು ಮೇಷ್ಟ್ರು, ಸೊಸೈಟಿಯಲ್ಲೂ ಓಡಾಡಿದವರು. ಸೇವಾ ವಿವರ, ಸನ್ಮಾನದ ಫೋಟೊ, ಶಿಷ್ಯರ ಲೇಖನ ಅಂತ ಪುಟ ತುಂಬಿದ್ದೇ ಗೊತ್ತಾಗಲಿಲ್ಲ.

ಅಮ್ಮನದ್ದು ಬರೆಯೋಕೆ ಕೂತರೆ ಒಂದೂವರೆ ಪುಟಕ್ಕೇ ಮುಗೀತದೆ. ಹುಟ್ಟಿದ್ದು 1950. ಶರಾವತಿ ದಂಡೆಯ ಊರು, 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯೋ ಹೊತ್ತಿಗೆ ಊರೇ ನೀರಿನಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. 1969ರಲ್ಲಿ ಮದುವೆ. ಮೂರು ಮಕ್ಕಳು. ಅಲ್ಲಿಂದ ಮುಂದೆ ಕೊನೇವರೆಗೂ ಸಾಗರ ಸೀಮೆಯ ಅದೇ ಮನೆ, ಅದೇ ಅಡಿಗೆಮನೆ, ಅದೇ ಕೊಟ್ಟಿಗೆ. ಅಣ್ಣನ ಕರಡಿನಲ್ಲಿ 'ತ್ಯಾಗಮಯಿ', 'ಸಹನಾಮೂರ್ತಿ', 'ತನಗಾಗಿ ಏನನ್ನೂ ಬಯಸದ ಜೀವ' ಅಂತೆಲ್ಲ ಇದೆ. ಹೆಸರು ತೆಗೆದು ಓದಿದರೆ ಯಾರ ಅಮ್ಮ ಬೇಕಾದರೂ ಆಗಬಹುದು. ಮರಣ ನೋಂದಣಿ ಫಾರಂ ತುಂಬುವಾಗ ಕಸುಬಿನ ಕಾಲಮ್ಮಿನಲ್ಲಿ 'ಇಲ್ಲ' ಅಂತ ಬರೆಸಿದವನೂ ಅವನೇ. ಅಡಿಕೆ ಕೊಯ್ಲಿನ ಹೊತ್ತಿಗೆ ಕೊನೆಗಾರರು, ಸುಲಿಯೋಕೆ ಬರೋರು, ಮನೆಮಂದಿ ಅಂತ ಇಪ್ಪತ್ತೈದು ಎಲೆ ಏಳ್ತಿತ್ತು ಆ ಮನೆಯಲ್ಲಿ. ಎಲೆ ಹಾಕಿದವಳ ಕಸುಬು 'ಇಲ್ಲ'!

ಅಣ್ಣನ ಮೇಲೆ ದೂರು ಹೇಳ್ತಿಲ್ಲ, ನಂಗೂ ಬೇರೇನು ಬರೆಯೋದು ಹೊಳೀತಿಲ್ಲ. ಯಾರಾದರೂ ಇಂಥದ್ದು ಮಾಡಿದ್ದರೆ ತಿಳಿಸಿ.

ಮಂಡ್ಯದ ಸೊಸೆ

ಮೊದಲು ಆ ತ್ಯಾಗಮಯೀನ ಕಿತ್ತಾಕಿ. ಬೇಜಾರು ಮಾಡ್ಕೋಬೇಡಿ, ನಮ್ಮತ್ತೆ ತಿಥಿ ಕಾರ್ಡಲ್ಲೂ ಅದೇ ಹಾಕ್ಸಿದ್ರು. ಆಯಮ್ಮ ತ್ಯಾಗಮಯಿ ಆಗಿದ್ದಿದ್ರೆ ನನಗೆ ಎಷ್ಟೋ ಸಲೀಸಾಗ್ತಿತ್ತು.

ನನ್ನ ಹೆತ್ತವ್ವನ ವಿಷಯ ಹೇಳ್ತೀನಿ. ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕೋರು. ಹಿಂಡೋದು, ಹುಲ್ಲು ತರೋದು, ಸಗಣಿ ಬಾಚೋದು, ಕತ್ತಲಲ್ಲಿ ಕ್ಯಾನ್ ಹೊತ್ಕೊಂಡು ಹೋಗೋದು ಎಲ್ಲ ಅವ್ವ. ಡೈರಿ ಪುಸ್ತಕ ಅಪ್ಪನ ಹೆಸರಲ್ಲಿ. ಒಂದಿನ ಅಪ್ಪ ಒಂದು ಮಾತೂ ಕೇಳ್ದೆ ಎಮ್ಮೆ ಮಾರ್ಬಿಟ್ರು. ಅವತ್ತಿಂದ ಅವ್ವ ಮಾತು ನಿಲ್ಸಿದ್ದು ಮುಂದಿನ ಯುಗಾದಿಗೇ ಬಿಟ್ಟಿದ್ದು. ಮೂರು ಹೊತ್ತೂ ಅಡುಗೆ ಮಾಡೋರು, ಬಡಿಸೋರು, 'ನಿಮ್ಮಪ್ಪಂಗೆ ಮುದ್ದೆ ಆರೋಯ್ತದೆ ಅಂತ ಹೇಳು' ಅಂತ ನಮ್ಮ ಕೈಲಿ ಹೇಳ್ಸೋರು. ಇಬ್ರೂ ಒಂದೇ ಪಡಸಾಲೇಲಿ ಕೂತಿರೋರು, ನಾನು ಮಧ್ಯದಲ್ಲಿ ಟಪಾಲು. ಕೊನೆಗೆ ಅಪ್ಪ ಕಡಸು ತಂದು ಕಟ್ಟಿದ್ರು, ಡೈರಿ ಪುಸ್ತಕಾನೂ ಅವ್ವನ ಹೆಸರಿಗೆ ಮಾಡ್ಸಿದ್ರು.

ಅವ್ವ ಅಂದ್ರೆ ನನಗೆ ನೆನಪಾಗೋದು ಈ ಹಟ. ಇದನ್ನ ಬರೀದೆ ಸಹನಾಮೂರ್ತಿ ಅಂತ ಬರೆದ್ರೆ ಅದು ಬೇರೆ ಯಾರೋ ಹೆಂಗಸು. ನಿಮ್ಮಮ್ಮಂಗೆ ಸಿಟ್ಟು ಬತ್ತಿರಲಿಲ್ವಾ? ಯಾತಕ್ಕೆ ಬತ್ತಿತ್ತು? ಅಲ್ಲಿಂದ ಶುರು ಮಾಡಿ.

ಹಳೇಬೇರು

ಮಂಡ್ಯದ ಸಹೋದರಿಯವರೇ, ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನೋದು ನಮ್ಮ ಪದ್ಧತಿ. ತಾಯಿಯ ಸಿಟ್ಟು ಸೆಡವುಗಳನ್ನು ಅಚ್ಚು ಹಾಕಿಸಿ ಹಂಚುವುದು ನನಗೆ ಸರಿ ಕಾಣುವುದಿಲ್ಲ. ಆ ಕಾಲದ ತಾಯಂದಿರು ತ್ಯಾಗ ಮಾಡಿದ್ದು ನಿಜ. ಹೇಳಿದರೆ ತಪ್ಪೇನು?

ಬಾಗಲಕೋಟಿ ಮಂದಿ

ಹಳೇಬೇರು ಸರ, ತಪ್ಪಿಲ್ರೀ. ಆದ್ರ ತ್ಯಾಗ ಅನ್ನಬೇಕಂದ್ರ ಅಕಿಗೆ ಬ್ಯಾರೆ ದಾರಿ ಇರಬೇಕಲ್ಲ. ನಮ್ಮವ್ವನ್ನ ಯಾರೂ ಕೇಳಲಿಲ್ಲ. ಶಾಲಿ ಬಿಡಿಸಿದ್ರು, ಬಿಟ್ಲು. ಕೊಟ್ಟ ಮನಿಗೆ ಬಂದ್ಲು. ದಿನಾ ನಸಿಕಿನ್ಯಾಗ ಎದ್ದು ಎಸರಿಟ್ಟು, ಹಿಟ್ಟು ನಾದಿ, ರೊಟ್ಟಿ ಬಡದು, ಹೊಲಕ್ಕ ಹೋಗೋರಿಗೆ ಬುತ್ತಿ ಕಟ್ಟತಿದ್ಲು. ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಅವ್ವನ ಮನಸು ಹೆಂಗೈತಿ ಅಂತ ನಮಗ ಹಾಸಿಗ್ಯಾಗ ಮಲಕೊಂಡಲ್ಲೇ ತಿಳೀತಿತ್ತು. ಒಂದ ಸಮ ಬಡಿದ್ರ ಚೊಲೊ ಐತಿ. ಬಿರುಸು ಬಡಿದ್ರ ಎದ್ದು ಸುಮ್ಮನ ದನದ ಕಡೆ ಹೋಗೋದು!

ಒಂದು ಮಾತು ಹೇಳತೇನಿ. 2016 ನವೆಂಬರ್ 8ಕ್ಕ ನೋಟು ಬಂದ್ ಆತಲ್ಲ, ಮರುದಿನ ಅವ್ವ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಜ್ವಾಳದ ಕಣಜದೊಳಗ ಕೈ ಹಾಕಿ ಒಂದು ಅರಿವಿ ಗಂಟು ತಗದ್ಲು. ಬರೇ ಐದನೂರರ ನೋಟು. ಎಣಿಸಿ ನಾ ಗಾಬರಿ ಆದೆ. 'ಯವ್ವಾ ಚಿಂತಿ ಮಾಡಬ್ಯಾಡ, ಬ್ಯಾಂಕಿಗೆ ತುಂಬೂಣು, ಒಂದು ರೂಪಾಯಿನೂ ಹೋಗೂದಿಲ್ಲ' ಅಂದೆ. ಅಕಿ ಏನಂದ್ಲು ಗೊತ್ತೇನ್ರಿ? 'ರೊಕ್ಕ ಹೋಗಿಲ್ಲೋ, ಗುಟ್ಟು ಹೋತು.' ಅಪ್ಪಗ ಗೊತ್ತಾತು, ಸೊಸೆಂದ್ರಿಗೆ ಗೊತ್ತಾತು. ಆ ಮ್ಯಾಲ ಮನ್ಯಾಗ ಯಾರಿಗೆ ಕಡಿಮಿ ಬಿದ್ದರೂ 'ಅವ್ವನ ಕಡೆ ಇರತಾವು ನೋಡು' ಅನ್ನೂದು ಸುರು ಆತು. ಸಾಯೂತನಕ ಅದೊಂದು ಸಿಟ್ಟು ಅಕಿಗೆ ಇತ್ತು. ಯಾತಕ್ಕ ಕೂಡಿಸಿದ್ದೆವ್ವಾ ಅಂತ ಎಷ್ಟ ಕೇಳಿದ್ರೂ ಹೇಳಲಿಲ್ಲ.

ಹಿನ್ನೀರು ಅಣ್ಣಾರ, ಮುಳಗಡಿ ಅಂದ್ರ ಏನಂತ ನಮಗೂ ಗೊತ್ತೈತಿ, ಆಲಮಟ್ಟಿ ನೀರು ಬಂದು ನಮ್ಮ ಹಳೇ ಪ್ಯಾಟಿ ಹೋತು. ಅಮ್ಮಾರು ತವರಿನ ಬಗ್ಗೆ ಏನು ಮಾತಾಡತಿದ್ರು ಅದನ್ನ ಬರೀರಿ. ಹಂಗ ಮಾತಾಡೋರು ಈಗ ಕಡಿಮಿ ಆಗ್ಯಾರ.

ಕರಿಕೋಟು

ಕಸುಬು 'ಇಲ್ಲ' ಅಂದಿದ್ದಕ್ಕೆ ಎರಡು ಮಾತು. ವಕೀಲಿಕೆಯಲ್ಲಿ ನನ್ನ ದಿನ ಕಳೆಯೋದೇ ಮೋಟಾರು ಅಪಘಾತದ ಪರಿಹಾರ ಕೇಸುಗಳಲ್ಲಿ. ಗಂಡಸು ಸತ್ತರೆ ಸಂಬಳದ ಚೀಟಿ ತರ್ತಾರೆ. ಮನೆವಾರ್ತೆ ನೋಡಿಕೊಂಡಿದ್ದ ಹೆಂಗಸು ಸತ್ತರೆ 'ಆದಾಯ ಇರಲಿಲ್ಲವಲ್ಲ' ಅಂತ ಎದುರು ಪಕ್ಷ ವಾದ ಹೂಡುತ್ತೆ.

ಸುಪ್ರೀಂ ಕೋರ್ಟ್ ಈ ವಾದವನ್ನ ಒಪ್ಪಿಲ್ಲ. 1989ರ ಮಾರ್ಚಿನಲ್ಲಿ ಜಮ್‌ಶೆಡ್‌ಪುರದಲ್ಲಿ ಆದ ಬೆಂಕಿ ದುರಂತದ ಪ್ರಕರಣದಲ್ಲಿ, 2001ರ ತೀರ್ಪು ಮನೆಯೊಡತಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಅಂತ ಲೆಕ್ಕ ಕಟ್ಟಿತು. 2010ರಲ್ಲಿ ಇನ್ನೊಂದು ಪೀಠ ಜನಗಣತಿಯನ್ನೇ ತರಾಟೆಗೆ ತಗೊಂಡಿತು. ಅಡುಗೆ ಮಾಡಿ ಮಕ್ಕಳನ್ನ ಸಾಕೋ ಹೆಂಗಸರನ್ನ ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಗುಂಪಿಗೆ ಸೇರಿಸಿದ್ದರು. 2021ರ ಜನವರಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ 2011ರ ಜನಗಣತಿಯ ಅಂಕಿ ಎತ್ತಿ ತೋರಿಸಿದ್ದಾರೆ: ಮನೆಗೆಲಸವೇ ಮುಖ್ಯ ಕೆಲಸ ಅಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು 97. ಐದು ವರ್ಷ ಬಿಟ್ಟು 2024ರಲ್ಲಿ ಮತ್ತೆ ಕೇಳಿದಾಗ 289, 88. ಹೆಂಗಸರದ್ದು ಹತ್ತು ನಿಮಿಷ ಇಳಿದಿದೆ, ಗಂಡಸರದ್ದು ಒಂಬತ್ತು. ಎಂಥ ಸಮಾನತೆ ನೋಡಿ!

ಹಳೇಬೇರು

ಅಂದರೆ ತಾಯಿಯ ಪ್ರೀತಿಗೆ ತಿಂಗಳಿಗೆ ಮೂರು ಸಾವಿರ ರೇಟು?

ಕರಿಕೋಟು

ರೇಟು ಪ್ರೀತಿಗಲ್ಲ ಸ್ವಾಮಿ, ಇಪ್ಪತ್ತೈದು ಎಲೆಗೆ. ಪ್ರೀತಿ ಅಂತ ಹೇಳಿ ಎಲೆಯ ಲೆಕ್ಕ ಮರೆಸಿದ್ದೇ ಇಷ್ಟು ವರ್ಷ ನಾವು ಮಾಡಿಕೊಂಡು ಬಂದದ್ದು. ಪುಸ್ತಕದಲ್ಲಿ ಈ ಕೋರ್ಟಿನ ಕತೆ ಹಾಕಬೇಡಿ, ಯಾರೂ ಓದಲ್ಲ. ನಿಮ್ಮಮ್ಮ ಒಂದು ದಿನ ಏನೇನು ಮಾಡ್ತಿದ್ದರು ಅನ್ನೋದನ್ನ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೂ ಬಿಡದೆ ಬರೆಯಿರಿ. ಅದೇ ಹತ್ತು ಪುಟ ಆಗುತ್ತೆ.

ಕೋಟೇಶ್ವರದ ಹೈದ

ನಾವು ಅಮ್ಮಂದು ಮಾಡಿದ್ದೇವೆ. ಅನುಭವದ ಮೇಲೆ ಹೇಳುವುದು: ಮಕ್ಕಳನ್ನು ಕೇಳಬೇಡಿ. ಮಕ್ಕಳಿಗೆ ಅಮ್ಮ ಬಡಿಸಿದ್ದು ಮಾತ್ರ ನೆನಪಿರ್ತದೆ. ನಮ್ಮ ತಂಗಿ ಬರೆದದ್ದು ಪೂರಾ ಊಟದ ಪಟ್ಟಿ, ಪತ್ರೊಡೆ, ಮೂಡೆ, ಸುಕ್ಕಿನುಂಡೆ. ಅಮ್ಮನ ಹತ್ರ ಸರೀಕಳ ಹಾಗೆ ಮಾತಾಡ್ತಿದ್ದವರನ್ನು ಹುಡುಕಿ. ಓರಗಿತ್ತಿ, ಪಕ್ಕದ ಮನೆಯವರು, ಮೀನಿನವಳು, ಟೈಲರಮ್ಮ. ನಮ್ಮಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರ ಗುಂಪು ಇತ್ತು, ಅಮ್ಮನೂ ಮಧ್ಯಾಹ್ನ ಅಲ್ಲಿ ಕೂತು ಎಲೆ ಕತ್ತರಿಸಿ ಕೊಡ್ತಿದ್ರು. ಯಕ್ಷಗಾನ ಮೇಳ ಬಂದಾಗ ರಾತ್ರಿ ಆಟ ನೋಡಿ ಬಂದು ಮರುದಿನ ಸ್ತ್ರೀವೇಷದ ಮಾತು ಪೂರಾ ಒಪ್ಪಿಸ್ತಿದ್ರಂತೆ, ಕುಣಿದು ತೋರಿಸ್ತಿದ್ರಂತೆ. ಮನೆಯೊಳಗೆ ನಾವು ಯಾರೂ ಒಮ್ಮೆಯೂ ನೋಡಿದ್ದಿಲ್ಲ ಮಾರಾಯ್ರೆ.

ಇನ್ನೊಂದು, ಅಟ್ಟದ ಮೇಲೆ ಹಳೇ ಕ್ಯಾಲೆಂಡರ್ ಉಂಟಾ ನೋಡಿ. ಹಾಲಿನ ಲೆಕ್ಕ ಬರೀತಿದ್ದವರು ಬೇರೆಯದನ್ನೂ ಬರೆದಿರ್ತಾರೆ.

ಡಲ್ಲಾಸ್ ಕನ್ನಡಿಗ

ಪುಸ್ತಕದ ಬಗ್ಗೆ ಗೊತ್ತಿಲ್ಲ. ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಅಮ್ಮನ ಫೋನ್ ನಂಬರಿಗೆ ರೀಚಾರ್ಜ್ ನಿಲ್ಲಿಸಿದ್ದರೆ ಮತ್ತೆ ಹಾಕಿಸಿ. ಬಳಕೆ ಇಲ್ಲದ ನಂಬರ್ ಕೆಲವು ತಿಂಗಳಲ್ಲಿ ರದ್ದಾಗಿ ಬೇರೆಯವರ ಪಾಲಾಗುತ್ತೆ. ವಾಟ್ಸಾಪ್ ಖಾತೆಯೂ 120 ದಿನ ಮುಟ್ಟದೇ ಬಿಟ್ಟರೆ ಸಾಮಾನ್ಯವಾಗಿ ಅಳಿಸಿಹೋಗುತ್ತೆ. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜ್ ನಿಮ್ಮ ಫೋನಲ್ಲೇ ಇರುತ್ತೆ. ಆ ಚಾಟ್ ತೆರೆದು 'ಎಕ್ಸ್‌ಪೋರ್ಟ್' ಒತ್ತಿ, ಮೀಡಿಯಾ ಸಮೇತ ಅಂತ ಆರಿಸಿ, ನಿಮ್ಮ ಇಮೇಲಿಗೆ ಹಾಕಿಕೊಳ್ಳಿ. ಅಕ್ಕ, ಅಣ್ಣ, ಮೊಮ್ಮಕ್ಕಳ ಫೋನಿಂದಲೂ ತೆಗೀಬೇಕು. ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಮಾತಾಡಿರ್ತಾರೆ.

ನನ್ನಮ್ಮನ ಕೊನೆಯ ಮೆಸೇಜಿನಲ್ಲಿ ಮೊದಲರ್ಧ ಬರೀ ಕುಕ್ಕರ್ ಸೀಟಿ. ಆಮೇಲೆ 'ಹಲೋ… ಹೋಗ್ತಿದೆಯೇನೋ ಇದು?' ನನಗೆ ಬರೋಕೆ ಆಗಿರಲಿಲ್ಲ. ಇಷ್ಟೇ ಹೇಳ್ತೀನಿ.

ಶರಾವತಿ ಹಿನ್ನೀರು

ಎಲ್ಲರಿಗೂ ಧನ್ಯವಾದ. ಕಳೆದ ವಾರ ಊರಿಗೆ ಹೋಗಿದ್ದೆ. ಕೋಟೇಶ್ವರದವರೇ, ಕ್ಯಾಲೆಂಡರ್ ಸಿಕ್ಕಿದವು! ಹಳೇ ಪಂಚೆಯಲ್ಲಿ ಸುತ್ತಿ ನಾಗೊಂದಿಗೆ ಮೇಲಿಟ್ಟಿದ್ದಳು. 1983ರಿಂದ ಇದಾವೆ. ಎಷ್ಟೋ ಹಾಳೆ ಇಲ್ಲ, ಜೂನ್ ತಿಂಗಳಲ್ಲಿ ನಮ್ಮ ಶಾಲೆ ಪುಸ್ತಕಕ್ಕೆ ಬೈಂಡು ಹಾಕಿದ್ದು ಅವನ್ನೇ.

ಸಣ್ಣ ಸಣ್ಣ ಚೌಕದೊಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. 'ಹಾಲು 1½'. 'ಗೌರಿ ಹೋರಿಗೆ'. ಅದರಿಂದ ಮುಂದೆ ಒಂಬತ್ತು ತಿಂಗಳು ಎಣಿಸಿ ಒಂದು ಗುಣಾಕಾರ ಚಿಹ್ನೆ, ಅದರ ಆಚೆ ಈಚೆ ಎಲ್ಲೋ 'ಹೆಣ್ಣುಗರು'. 'ಸುಲಿಗೆ ಡಬ್ಬಿ 14'. 'ಸೀಮೆಎಣ್ಣೆ ಇಲ್ಲ'. 'ಮಾಣಿಗೆ ಜ್ವರ' ಅಂತ ಇದೆ, ಮಾಣಿ ಅಂದರೆ ನಾನು. ಯಾವ ಚೌಕದಲ್ಲೂ ಎರಡು ಮೂರು ಶಬ್ದಕ್ಕಿಂತ ಹೆಚ್ಚಿಲ್ಲ. 1988ರಲ್ಲಿ ಒಂದು ಕಡೆ 'ಒಲೆಯವರು ಬಂದರು', ಮರುವಾರ 'ಒಲೆ ದರಿದ್ರ'. ಅಕ್ಕನಿಗೆ ನೆನಪಿದೆ, ಅದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು, ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಹೊಗೆ ಕೊಳವೆಯಲ್ಲಿ ಮೇಲೆ ಹೋಗ್ತದೆ, ಕಟ್ಟಿಗೆ ಉಳೀತದೆ. ಅಮ್ಮನ ತಕರಾರು ಏನು ಅಂದರೆ ಅದರ ಬಾಯಿ ಸಣ್ಣದು, ಸಣ್ಣಗೆ ಸೀಳಿದ ಕಟ್ಟಿಗೆಯೇ ಆಗಬೇಕು. ಸೀಳೋರು ಯಾರು? ಕಟ್ಟಿಗೆ ಉಳಿಸಿದ ಪುಣ್ಯ ಸರ್ಕಾರಕ್ಕೆ, ಕೊಡಲಿ ತನ್ನ ಕೈಗೆ ಅಂತ ಬೈತಿದ್ದಳಂತೆ. ಆಮೇಲೆ ಅಪ್ಪ ಸೀಳಿಸಿ ಒಟ್ಟಿಸಿಕೊಡೋಕೆ ಶುರು ಮಾಡಿದರು, ಒಲೆ ಸರಿಯಾಯ್ತು.

ಒಂದು ಮಾತ್ರ ಬಗೆಹರೀತಿಲ್ಲ. 1985-86ರಲ್ಲಿ ಪ್ರತಿ ತಿಂಗಳೂ ಒಂದು ಚೌಕದಲ್ಲಿ 'ಚೀ' ಅಂತ ಬರೆದು ಪಕ್ಕದಲ್ಲಿ ಒಂದು ಅಂಕೆ: 1, 2, 3… ಹೀಗೆ 12ರವರೆಗೆ. ಏಳರ ಸುತ್ತ ಒಂದು ಸೊನ್ನೆ ಸುತ್ತಿದ್ದಾಳೆ. ಅಣ್ಣ ಚೀನಿಕಾಯಿ ಅಂತಾನೆ, ತಿಂಗಳಿಗೊಂದು ಚೀನಿಕಾಯಿ ಯಾಕೆ ಬರೆದಿಟ್ಟುಕೊಳ್ತಾಳೆ? ಅಕ್ಕ ಬೇರೇನೋ ಅಂದಳು, ಅದೂ ತಾರೀಖಿಗೆ ಹೊಂದಲ್ಲ.

ಮಂಡ್ಯದ ಸೊಸೆ

ಅಯ್ಯೋ ಚೀಟಿ ಕಣ್ರೀ! ಹನ್ನೆರಡು ಜನ, ಹನ್ನೆರಡು ತಿಂಗಳು. ಏಳನೇ ತಿಂಗಳು ಚೀಟಿ ನಿಮ್ಮಮ್ಮಂಗೆ ಎದ್ದಿದೆ, ಅದಕ್ಕೇ ಸೊನ್ನೆ. ಅದಾದ ಮೇಲೆ ಮನೆಗೆ ಏನು ಬಂತು ನೋಡಿ.

ಬಾಗಲಕೋಟಿ ಮಂದಿ

ಮಂಡ್ಯದಕ್ಕ, ಪೊಲೀಸ್ನ್ಯಾಗ ಇರಬೇಕಿತ್ರೀ ನೀವು 😄

ಕೋಟೇಶ್ವರದ ಹೈದ

ಹೌದು, ಚೀಟಿಯೇ. ಬಂದದ್ದು ಮಿಕ್ಸಿಯೋ, ನಿಮ್ಮ ಫೀಸೋ ಇರ್ತದೆ.

ಮಲ್ಲಿಗೆ ಮೊಳ

ಮೊದಲಿಂದ ಓದ್ತಿದ್ದೆ, ಈಗ ಬರೀತಿದ್ದೀನಿ. ಹಿನ್ನೀರು ಅವರೇ, ಸಾಗರದ ಕಡೆ ಅಂದ್ರಿ. ಅಮ್ಮ ಮಿಡಿ ಉಪ್ಪಿನಕಾಯಿ ಹಾಕ್ತಿದ್ದ ಕ್ರಮ ಯಾರಾದರೂ ಬರೆದಿಟ್ಟಿದ್ದೀರಾ? ನಮ್ಮಮ್ಮ ಹೋದ ಮೇಲೆ ನಾವು ಹಾಕಿದ ಜಾಡಿ ಎರಡು ಸಲವೂ ಮೆತ್ತಗಾಯ್ತು.

ಶರಾವತಿ ಹಿನ್ನೀರು

ಅಳತೆ ಗೊತ್ತಿಲ್ಲ, ಅವಳಿಗೂ ಕೈ ಅಳತೆಯೇ. ಆದರೆ ಮಿಡಿ ಆರಿಸೋದು ಸಣ್ಣವನಿದ್ದಾಗಿಂದ ನೋಡಿದ್ದೀನಿ. ಮರದಿಂದ ಉದುರಿದ್ದು ಕೂಡದು, ಎಷ್ಟೇ ಚೆಂದ ಕಂಡರೂ. ಹತ್ತಿಸಿ, ಬುಟ್ಟಿಯಲ್ಲಿ ಇಳಿಸಿ ತರಿಸ್ತಿದ್ದಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ಪೆಟ್ಟು ಬಿದ್ದಿದೆಯಾ ನೋಡ್ತಿದ್ದಳು. ತೊಟ್ಟು ಚೂರು ಮುರಿದು ಸೊನೆ ಮೂಸೋಳು. ಪರಿಮಳ ಹಿಡಿಸದಿದ್ದರೆ ಆ ಮರದ್ದು ಇಡೀ ಬುಟ್ಟಿ ವಾಪಸ್. ಸೊನೆ ತಾಗಿ ಬೆರಳ ಸಂದಿಯೆಲ್ಲ ಸುಟ್ಟು ಕಪ್ಪಾಗಿರ್ತಿತ್ತು ಆ ತಿಂಗಳು ಪೂರ್ತಿ. ಪೆಟ್ಟು ಬಿದ್ದ ಒಂದು ಮಿಡಿ ಸೇರಿದರೂ ಜಾಡಿ ಕೆಡ್ತದೆ ಅಂತಿದ್ದಳು. ನಿಮ್ಮದು ಕೆಟ್ಟಿದ್ದು ಅಲ್ಲೇ ಇರಬಹುದು. ಕಲ್ಲುಪ್ಪು ಹಾಕಿ, ಮಿಡಿ ಚಿರುಟೋವರೆಗೂ ದಿನಾ ಜಾಡಿ ಕುಲುಕಿಸಬೇಕು, ಒದ್ದೆ ಕೈ ಹಾಕಬಾರದು. ಮಸಾಲೆ ಅರೆಯೋದು ಅದಾದ ಮೇಲೆ. ಅಕ್ಕನ ಹತ್ತಿರ ಕೇಳಿ ಉಳಿದಿದ್ದು ಬರೀತೀನಿ.

ಚೀಟಿ ವಿಷಯಕ್ಕೆ ಬರ್ತೀನಿ. ದೊಡ್ಡಮ್ಮನಿಗೆ ಫೋನ್ ಮಾಡಿದೆ, ಈಗ ತೊಂಬತ್ತರ ಹತ್ತಿರ. 'ನಿಮ್ಮಮ್ಮನೇ ಚೀಟಿ ನಡೆಸ್ತಿದ್ದದ್ದು ಮಾರಾಯಾ, ನಾವೆಲ್ಲ ಕಟ್ಟೋರು' ಅಂದರು! ಕೇರಿಯ ಹನ್ನೆರಡು ಹೆಂಗಸರು, ಹೂವು ಮಾರಿದ್ದು, ತುಪ್ಪ ಮಾರಿದ್ದು, ಹಲಸಿನ ಹಪ್ಪಳ ಮಾರಿದ್ದು. ಮೂರು ವರ್ಷ ನಡೀತಂತೆ, ಒಂದು ಪೈಸೆ ಹೆಚ್ಚುಕಮ್ಮಿ ಆಗಲಿಲ್ಲವಂತೆ.

ಆ ಏಳನೇ ಚೀಟಿಯಲ್ಲಿ ಬಂದದ್ದು ಮಿಕ್ಸಿಯಲ್ಲ, ನಮ್ಮ ಫೀಸೂ ಅಲ್ಲ. ಬೆಂಡೋಲೆ. ತನಗೆ. ಅಕ್ಕನ ಹತ್ತಿರ ಈಗ ಇರೋದು ಅದೇ ಜೋಡಿ. 'ತವರಲ್ಲಿ ಕೊಟ್ಟಿದ್ದು' ಅಂತ ಅಮ್ಮ ಅಪ್ಪನಿಗೆ ಹೇಳಿದ್ದಳಂತೆ, ನಾವೂ ಅಷ್ಟೇ ಕೇಳಿಕೊಂಡು ಬೆಳೆದದ್ದು. ಅಣ್ಣನ ಕರಡಿನ 'ತನಗಾಗಿ ಏನನ್ನೂ ಬಯಸದ ಜೀವ' ಅಲ್ಲಿಗೆ ಹೋಯ್ತು.

ಹಳೇಬೇರು

ಕೇಳಿ ಸಂತೋಷವಾಯಿತು. ಆದರೂ ಒಂದು ಮಾತು. ತಂದೆಯವರಿನ್ನೂ ಇದ್ದಾರೆ ಎಂದು ತಿಳಿಯುತ್ತೇನೆ. ಗಂಡನಿಗೆ ಹೇಳಿದ ಸುಳ್ಳನ್ನು ಪುಸ್ತಕದಲ್ಲಿ ಹಾಕಿ ಅವರ ಕೈಗೇ ಕೊಡುವುದು…

ಬಾಗಲಕೋಟಿ ಮಂದಿ

ಈ ಸಲ ಹಳೇಬೇರು ಸರ ಮಾತಿಗೆ ನಂದೂ ಒಪ್ಪಿಗಿ ಐತಿ. ಗುಟ್ಟು ಅಂದ್ರ ಅಕಿದು. ನಮ್ಮವ್ವನ ಗಂಟು ಹೊರಗ ಬಿದ್ದಾಗ ಅಕಿ ಮಾರಿ ನೋಡೇನಿ ನಾ. ಪುಸ್ತಕದಾಗ ಹಾಕೋ ಮುಂದ ಅಪ್ಪಾರನ್ನ ಒಂದು ಮಾತು ಕೇಳ್ರಿ.

ಮಂಡ್ಯದ ಸೊಸೆ

ನಾನಾಗಿದ್ರೆ ಮೊದಲ್ನೇ ಪುಟಕ್ಕೇ ಹಾಕ್ತಿದ್ದೆ. ಕೇರಿ ಹೆಂಗಸರ ದುಡ್ಡು ಮೂರು ವರ್ಷ ಒಂದು ಪೈಸೆ ಆಚೀಚೆ ಆಗ್ದಂಗೆ ನೋಡ್ಕೊಂಡೋರು. ಇದು ಗುಟ್ಟಲ್ಲ, ಕಸುಬು. ಆ ಫಾರಂ ಕಾಲಮ್ಮು ನೆನಪಿದ್ಯಾ?

ಶರಾವತಿ ಹಿನ್ನೀರು

ಇದೇ ವಿಷಯಕ್ಕೆ ಮನೆಯಲ್ಲಿ ಜಗಳವೂ ಆಯ್ತು. ಅಣ್ಣ ಬೇಡ, ಅಕ್ಕ ಬೇಕು. ಕೊನೆಗೆ ನಾನೇ ನಿನ್ನೆ ಸಂಜೆ ಅಪ್ಪನ ಹತ್ತಿರ ಕೂತು ಬರೆದಷ್ಟನ್ನೂ ಓದಿ ಹೇಳಿದೆ. ಅಪ್ಪನಿಗೆ 84, ಕಿವಿ ಮಂದ, ಕೂಗಿ ಓದಬೇಕು, ಹಾಗಾಗಿ ಗುಟ್ಟು ಕೇರಿಗೆಲ್ಲ ಕೇಳಿರಬಹುದು. ಕವಳ ಜಗೀತಾ ಪೂರ್ತಿ ಕೇಳಿದರು.

'ನಂಗೆ ಅವತ್ತೇ ಗೊತ್ತಿತ್ತು' ಅಂದರು. 'ಅವಳ ಅಪ್ಪನ ಮನೆ ಮುಳುಗಡೆಯಾಗಿ ಉಂಬಲೆ ಇರಲಿಲ್ಲ, ಬೆಂಡೋಲೆ ಎಲ್ಲಿಂದ ಕೊಡ್ತಿದ್ದ? ತವರಿನ ಹೆಸರು ಹೇಳಿ ಇಟ್ಟುಕೊಳ್ಳಲಿ ಅಂತ ಸುಮ್ಮನಿದ್ದೆ.'

ಆಮೇಲೆ ಕ್ಯಾಲೆಂಡರ್ ತರಿಸಿಕೊಂಡು, ಕನ್ನಡಕ ಹಾಕಿ, 'ಒಲೆ ದರಿದ್ರ' ಎಲ್ಲಿದೆ ತೋರಿಸು ಅಂದರು.

ಅಣ್ಣ ಒಪ್ಪಿದಾನೆ. ಕ್ಯಾಲೆಂಡರ್ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಹಾಕೋದು ಅಂತ ಆಗಿದೆ. ಪೆನ್ಸಿಲ್ ಬರಹ ಮಾಸಿದೆ, ಕೆಲವು ಹಾಳೆಗೆ ಗೆದ್ದಲು ಹಿಡಿದಿದೆ. ಶಿವಮೊಗ್ಗ, ಸಾಗರದ ಕಡೆ ಇಂಥದ್ದನ್ನ ಚೆನ್ನಾಗಿ ಸ್ಕ್ಯಾನ್ ಮಾಡಿಕೊಡೋರು ಯಾರಾದರೂ ಗೊತ್ತಾ?

ಮಲ್ಲಿಗೆ ಮೊಳ

ಸ್ಕ್ಯಾನರ್ ಒಳಗೆ ತೂರಿಸಬೇಡಿ, ಹರಿದು ಹೋಗ್ತವೆ. ಹಗಲು ಹೊತ್ತು ಕಿಟಕಿ ಹತ್ತಿರ ಸಮಾ ಹಾಸಿ, ಬೆಳಕು ಪಕ್ಕದಿಂದ ಬೀಳೋ ಹಾಗೆ ಮೊಬೈಲಲ್ಲೇ ಮೇಲಿಂದ ತೆಗೀರಿ, ಪೆನ್ಸಿಲ್ ಒತ್ತಿದ ಗುರುತು ಎದ್ದು ಕಾಣುತ್ತೆ. ಫ್ಲಾಶ್ ಬೇಡ. ಮತ್ತೆ ಅಕ್ಕನ್ನ ಮಸಾಲೆ ಕೇಳೋದು ಮರೀಬೇಡಿ, ಈ ಸಲ ಮಿಡಿ ಬರೋ ಹೊತ್ತಿಗೆ ನನಗೆ ಬೇಕು.